ದ್ವೀಪವಾಸಿಗಳ ಬಿನ್ನಹ, ರಾಷ್ಟ್ರನಾಯಕರ ವಾಗ್ದಾನ

ನಡೆ ನುಡಿಗಳು ಒಂದಾಗಬೇಕೆಂಬುದು ಶರಣಧರ್ಮದ ಮೊದಲ ಪಾಠ. ಆಡಿದ ಮಾತನ್ನು ಆಚರಣೆಗೆ ತಾರದವನು ಎಂತಹ ಉನ್ನತ ಪೀಠದಲ್ಲಿ ಕುಳಿತಿದ್ದರೂ ಸಣ್ಣವನೇ. ಆಡಿದಂತೆ ನಡೆದವನು ಬಡಕಾಯಕದಲ್ಲಿ ಬದುಕು ಸವೆಸಿದರೂ ದೊಡ್ಡವನೇ. ಈ ಅಳತೆಗೋಲನ್ನು ನಾವು ವ್ಯಕ್ತಿಗಳಿಗೆ ಹಿಡಿದು ನೋಡುವುದು ವಾಡಿಕೆ. ಇದನ್ನೇ ರಾಷ್ಟ್ರಗಳಿಗೆ, ರಾಷ್ಟ್ರಗಳನ್ನಾಳುವ ನಾಯಕರಿಗೆ ಹಿಡಿದು ನೋಡಿದರೆ ಏನು ಕಾಣುತ್ತದೆ? ಭೂಮಿಯ ಬಿಸಿಯನ್ನು ಹೆಚ್ಚಿಸುತ್ತಿರುವ ಅನಿಲಗಳನ್ನು ತಗ್ಗಿಸುತ್ತೇವೆಂದು ಲೋಕದ ನಾಯಕರು ಕಳೆದ ನಾಲ್ಕು ದಶಕಗಳಿಂದ ಮಾತು ಕೊಡುತ್ತ ಬಂದಿದ್ದಾರೆ. ಆ ಮಾತು ಹುಟ್ಟಿದ್ದು ಹೇಗೆ, ಬಲಗೊಂಡದ್ದು ಯಾರಿಂದ, ಸೋತದ್ದು ಎಲ್ಲಿ ಎಂಬುದನ್ನು ವಾಚಕರೊಡನೆ ಕುಳಿತು ಅವಲೋಕಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಿಜ್ಞಾನದ ಮಾತನ್ನು ಸಂಗ್ರಹವಾಗಿ ಹೇಳಬೇಕು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಉರಿಸಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ದನಗಳ ಮೆಲುಕಿನಿಂದ, ನೀರು ನಿಂತ ಗದ್ದೆಗಳಿಂದ, ಕೊಳೆಯುವ ಕಸದ ರಾಶಿಗಳಿಂದ ಮಿಥೇನ್ ಏಳುತ್ತದೆ. ಇವೇ ಮೊದಲಾದ ಅನಿಲಗಳು ಸೂರ್ಯನ ಬೆಳಕನ್ನು ಒಳಬಿಟ್ಟು, ನೆಲದಿಂದ ಮರಳುವ ಶಾಖವನ್ನು ತಡೆಹಿಡಿಯುತ್ತವೆ. ಆದುದರಿಂದಲೇ ಇವುಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು. ಈ ತಿಳಿವಳಿಕೆ ಇಂದು ನಿನ್ನೆಯದಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆಯೂ, 1859ರಲ್ಲಿ ಜಾನ್ ಟಿಂಡಾಲರೂ ಅನಿಲಗಳ ಈ ಗುಣವನ್ನು ಪ್ರಯೋಗದಿಂದ ಕಂಡಿದ್ದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಕಲ್ಲಿದ್ದಲು ಉರಿಸುತ್ತ ಹೋದರೆ ಭೂಮಿ ಎಷ್ಟು ಬಿಸಿಯಾದೀತೆಂದು ಲೆಕ್ಕ ಹಾಕಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಪರ್ವತವೊಂದರ ಮೇಲೆ ಗಾಳಿಯನ್ನು ಅಳೆಯಲಾರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇಂಗಾಲದ ಡೈ ಆಕ್ಸೈಡ್ ಇತ್ತು. ಕೈಗಾರಿಕೆಗಳು ಹುಟ್ಟುವ ಮೊದಲು ಅದು 280ರಷ್ಟಿತ್ತು. ಇಂದು 420ನ್ನು ಮೀರಿದೆ. 1988ರ ಜೂನ್ 23ರಂದು ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ನಿಂತು, ಭೂಮಿ ಬಿಸಿಯಾಗುತ್ತಿರುವುದು ನಿಶ್ಚಯವೆಂದು ಸಾಕ್ಷಿ ನುಡಿದರು. ಅಂದಿನಿಂದ ಯಾವ ರಾಜಕಾರಣಿಯೂ ತನಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ.

ಆದರೆ ತಿಳಿದ ಮಾತ್ರಕ್ಕೆ ಮನಸ್ಸು ಕರಗುವುದಿಲ್ಲ. ಬಾಧೆಪಟ್ಟವನು ಬಂದು ಬಾಗಿಲು ಬಡಿಯಬೇಕು. ಇಲ್ಲಿ ಮೊದಲು ಬಾಗಿಲು ಬಡಿದದ್ದು ನಮ್ಮ ನೆರೆಯ ಮಾಲ್ಡೀವ್ಸ್. ಲಕ್ಷದ್ವೀಪದ ದಕ್ಷಿಣಕ್ಕೆ ಸಮುದ್ರದಲ್ಲಿ ಚೆಲ್ಲಿದ ಮುತ್ತುಗಳಂತಿರುವ ಸುಮಾರು 1,190 ಹವಳದ್ವೀಪಗಳ ದೇಶವದು. ಅದರ ಬಹುಪಾಲು ನೆಲ ಸಮುದ್ರಮಟ್ಟಕ್ಕಿಂತ ಒಂದು ಮೀಟರಿನಷ್ಟೂ ಎತ್ತರವಿಲ್ಲ. 1987ರ ಏಪ್ರಿಲ್ ತಿಂಗಳಲ್ಲಿ ಹೆದ್ದೆರೆಗಳು ಎದ್ದು ರಾಜಧಾನಿ ಮಾಲೆಯೊಳಗೆ ನುಗ್ಗಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮರು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಎದ್ದುನಿಂತು, ತಮ್ಮದು ಅಳಿವಿನ ಅಂಚಿನಲ್ಲಿರುವ ರಾಷ್ಟ್ರವೆಂದು ನಿವೇದಿಸಿದರು. ಕೇವಲ ಎರಡು ಲಕ್ಷದಷ್ಟು ಜನಸಂಖ್ಯೆಯ, ಸೈನ್ಯಬಲವಿಲ್ಲದ, ಮೀನುಗಾರಿಕೆಯಿಂದ ಜೀವಿಸುವ ನಾಡು ಲೋಕದ ಬಲಿಷ್ಠರ ಮುಂದೆ ಇಟ್ಟ ಬಿನ್ನಹವದು. ಬೇಡಿದ್ದು ಭಿಕ್ಷೆಯಲ್ಲ, ನ್ಯಾಯ. ಹೊಗೆ ಹೊರಡಿಸಿದವರು ಒಬ್ಬರು, ಮುಳುಗುವವರು ಇನ್ನೊಬ್ಬರು, ಇದಾವ ಧರ್ಮ?

1989ರ ನವೆಂಬರ್ ತಿಂಗಳನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಒಂದೇ ತಿಂಗಳಲ್ಲಿ ಎರಡು ಸಭೆಗಳು ನಡೆದವು. ನೆದರ್ಲೆಂಡ್ಸಿನ ನೋರ್ಡ್‌ವೈಕ್ ಎಂಬಲ್ಲಿ ಅನೇಕ ದೇಶಗಳ ಸಚಿವರು ಸೇರಿ, ಅನಿಲಗಳ ಏರಿಕೆಯನ್ನು ನಿಶ್ಚಿತ ವರ್ಷದೊಳಗೆ ನಿಲ್ಲಿಸುವ ಮಾತನ್ನು ಚರ್ಚಿಸಿದರು. ಅಮೆರಿಕ ಮೊದಲಾದ ಕೆಲವು ಬಲಿಷ್ಠ ರಾಷ್ಟ್ರಗಳ ವಿರೋಧದಿಂದ ಎಲ್ಲರನ್ನೂ ಕಟ್ಟುವ ಅಂಕಿಯಾಗಲೀ ವರ್ಷವಾಗಲೀ ಘೋಷಣೆಯಲ್ಲಿ ಉಳಿಯಲಿಲ್ಲ. ಕೆಲವೇ ದಿನಗಳ ಅನಂತರ ಮಾಲೆಯಲ್ಲಿ ಸಣ್ಣ ರಾಷ್ಟ್ರಗಳು ಸಭೆ ಸೇರಿ, ಸಮುದ್ರಮಟ್ಟದ ಏರಿಕೆಯ ಬಗ್ಗೆ ಒಮ್ಮತದ ಘೋಷಣೆ ಹೊರಡಿಸಿದವು. ದೊಡ್ಡವರ ಸಭೆಯಲ್ಲಿ ಮಾತು ಮೆತ್ತಗಾಯಿತು. ಸಣ್ಣವರ ಸಭೆಯಲ್ಲಿ ಗಟ್ಟಿಯಾಯಿತು. ಮುಂದಿನ ಮೂವತ್ತೈದು ವರ್ಷಗಳ ಇತಿಹಾಸವೆಲ್ಲ ಈ ಒಂದು ತಿಂಗಳಿನಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ತಪ್ಪಾಗಲಾರದು.

1990ರಲ್ಲಿ ಜಿನೀವಾದ ಹವಾಮಾನ ಸಮ್ಮೇಳನದ ಸಮಯದಲ್ಲಿ ಸಣ್ಣ ದ್ವೀಪರಾಷ್ಟ್ರಗಳು ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಪೆಸಿಫಿಕ್ ಸಾಗರದ ವನುವಾಟು ದೇಶದ ರಾಯಭಾರಿ ರಾಬರ್ಟ್ ವ್ಯಾನ್ ಲೀರೋಪ್ ಅದರ ಮೊದಲ ಅಧ್ಯಕ್ಷರಾದರು. 1992ರಲ್ಲಿ ರಿಯೋ ಡಿ ಜನೈರೋ ನಗರದಲ್ಲಿ ಹವಾಮಾನ ಒಡಂಬಡಿಕೆಗೆ ಸಹಿಗಳು ಬಿದ್ದವು. ಮುಂದುವರಿದ ರಾಷ್ಟ್ರಗಳು 2000ದ ಹೊತ್ತಿಗೆ ತಮ್ಮ ಅನಿಲಗಳನ್ನು 1990ರ ಮಟ್ಟಕ್ಕೆ ತರಬೇಕೆಂಬ ಆಶಯ ಅದರಲ್ಲಿತ್ತು. ಆದರೆ ಆಶಯವಿತ್ತೇ ಹೊರತು ಕಟ್ಟುಪಾಡಿರಲಿಲ್ಲ. ಈ ಕೊರತೆಯನ್ನು ಕಂಡ ದ್ವೀಪರಾಷ್ಟ್ರಗಳು 1994ರಲ್ಲಿ ತಾವೇ ಒಂದು ಕರಡನ್ನು ಬರೆದು ಮುಂದಿಟ್ಟವು. ಮುಂದುವರಿದ ದೇಶಗಳು 2005ರೊಳಗೆ ಇಂಗಾಲದ ಡೈ ಆಕ್ಸೈಡನ್ನು 1990ರ ಮಟ್ಟಕ್ಕಿಂತ ಶೇಕಡಾ 20ರಷ್ಟು ತಗ್ಗಿಸಬೇಕೆಂಬುದು ಅದರ ಸಾರ.

ಆ ಬಿನ್ನಹದ ರೀತಿಯನ್ನು ನೋಡಿ. ಲೋಕವನ್ನು ಉಳಿಸಿರೆಂಬ ಗೋಳು ಅದರಲ್ಲಿಲ್ಲ. ಎಷ್ಟು ತಗ್ಗಿಸಬೇಕು, ಯಾವಾಗ ತಗ್ಗಿಸಬೇಕು, ಯಾರು ತಗ್ಗಿಸಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿದೆ. ಮೂರು ವರ್ಷಗಳ ಅನಂತರ, 1997ರ ಡಿಸೆಂಬರ್ 11ರಂದು, ಜಪಾನಿನ ಕ್ಯೋಟೋದಲ್ಲಿ ಲೋಕವು ಮೊಟ್ಟಮೊದಲ ಬಾರಿಗೆ ಅಂಕಿಗೂ ಅವಧಿಗೂ ಕಟ್ಟುಬಿದ್ದಿತು. 2008ರಿಂದ 2012ರ ಅವಧಿಯಲ್ಲಿ ಮುಂದುವರಿದ ದೇಶಗಳು ಒಟ್ಟಾರೆ ಶೇಕಡಾ 5ರಷ್ಟು ಇಳಿಸಬೇಕೆಂದು ನಿರ್ಣಯವಾಯಿತು. ಕೇಳಿದ್ದು 20, ದೊರೆತದ್ದು 5. ಅದಾದರೂ ನಿಂತಿತೇ? ಒಪ್ಪಂದಕ್ಕೆ ಮೊದಲೇ, ಆ ವರ್ಷದ ಜುಲೈಯಲ್ಲಿ, ಅಮೆರಿಕದ ಸೆನೆಟ್ಟು ಇಂತಹ ಒಪ್ಪಂದ ಬೇಡವೆಂಬ ಧೋರಣೆಯ ಠರಾವನ್ನು 95 ಮತಗಳಿಂದ, ಒಂದೂ ವಿರೋಧವಿಲ್ಲದೆ ಅಂಗೀಕರಿಸಿತ್ತು. 2001ರಲ್ಲಿ ಅಧ್ಯಕ್ಷ ಬುಷ್ ಕ್ಯೋಟೋವನ್ನು ತ್ಯಜಿಸಿದರು. ಒಪ್ಪಂದ ಜಾರಿಗೆ ಬರುವ ಹೊತ್ತಿಗೆ 2005ರ ಫೆಬ್ರುವರಿಯಾಗಿತ್ತು. 2011ರಲ್ಲಿ ಕೆನಡಾ ಕೂಡ ಹೊರನಡೆಯುವುದಾಗಿ ಸಾರಿತು.

2009ರಲ್ಲಿ ಕೋಪನ್‌ಹೇಗನ್ ಸಮ್ಮೇಳನ ಸಮೀಪಿಸಿತು. ಆ ಅಕ್ಟೋಬರ್ 17ರಂದು ಮಾಲ್ಡೀವ್ಸಿನ ಅಧ್ಯಕ್ಷ ಮೊಹಮ್ಮದ್ ನಶೀದರು ಸಮುದ್ರದ ತಳದಲ್ಲಿ ಮಂತ್ರಿಮಂಡಲದ ಸಭೆ ನಡೆಸಿದರು. ಉಸಿರಾಟದ ಸಾಧನಗಳನ್ನು ಧರಿಸಿದ ಮಂತ್ರಿಗಳು ನೀರೊಳಗೆ ಮೇಜಿನ ಸುತ್ತ ಕುಳಿತು, ಅನಿಲಗಳನ್ನು ತಗ್ಗಿಸಬೇಕೆಂಬ ಮನವಿಗೆ ಸಹಿ ಹಾಕಿದರು. ಲೋಕವೆಲ್ಲ ಆ ಚಿತ್ರವನ್ನು ನೋಡಿತು. ಎರಡು ತಿಂಗಳ ಅನಂತರ ಕೋಪನ್‌ಹೇಗನ್ನಿನಲ್ಲಿ ಕಟ್ಟುಪಾಡಿನ ಒಪ್ಪಂದ ಆಗಲೇ ಇಲ್ಲ. ಅರ್ಜಿಯ ಚಿತ್ರ ಉಳಿಯಿತು, ಅರ್ಜಿಗೆ ಉತ್ತರ ಬರಲಿಲ್ಲ. ಬಲಿಷ್ಠ ದೇಶಗಳು ಭೂಮಿಯ ಬಿಸಿ 2 ಡಿಗ್ರಿಯವರೆಗೆ ಏರಬಹುದೆಂದು ಲೆಕ್ಕ ಹಾಕುತ್ತಿದ್ದವು. ದ್ವೀಪರಾಷ್ಟ್ರಗಳಾದರೋ ಒಂದೂವರೆ ಡಿಗ್ರಿಗೇ ನಿಲ್ಲಿಸಿದರೆ ಮಾತ್ರ ತಾವು ಬದುಕಿಯೇವೆಂದು ಹಠ ಹಿಡಿದವು. ಈ ಅರ್ಧ ಡಿಗ್ರಿಯ ವ್ಯತ್ಯಾಸ ಕೇಳುವುದಕ್ಕೆ ಅಲ್ಪ. ಆದರೆ 2018ರಲ್ಲಿ ವಿಜ್ಞಾನಿಗಳ ಅಂತರಸರ್ಕಾರಿ ಮಂಡಳಿಯು ಅದರ ಅರ್ಥವನ್ನು ತೆರೆದು ತೋರಿಸಿತು. ಒಂದೂವರೆ ಡಿಗ್ರಿಯಲ್ಲಿ ಹವಳದ ದಿಬ್ಬಗಳ ಬಹುಭಾಗ ನಾಶವಾದರೂ ಸ್ವಲ್ಪ ಉಳಿದೀತು. ಎರಡು ಡಿಗ್ರಿಯಲ್ಲಿ ಉಳಿಯುವುದು ಶೇಕಡಾ 1ಕ್ಕಿಂತಲೂ ಕಡಿಮೆ. ಹವಳವೇ ನೆಲವಾಗಿರುವ ಜನಕ್ಕೆ ಈ ಲೆಕ್ಕ ಜೀವನ್ಮರಣದ ಲೆಕ್ಕ.

ಈ ಹಠಕ್ಕೆ ತಪಸ್ಸಿನ ಬಲವೂ ಕೂಡಿಬಂದಿತು. 2013ರ ನವೆಂಬರಿನಲ್ಲಿ ಹೈಯಾನ್ ಎಂಬ ಚಂಡಮಾರುತ ಫಿಲಿಪ್ಪೀನ್ಸ್ ದೇಶವನ್ನು ಅಪ್ಪಳಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ವಾರ್ಸಾದಲ್ಲಿ ನಡೆಯುತ್ತಿದ್ದ ಸಮ್ಮೇಳನಕ್ಕೆ ಆ ದೇಶದ ಪ್ರತಿನಿಧಿಯಾಗಿ ಬಂದಿದ್ದ ಯೆಬ್ ಸಾನ್ಯೋ, ಅರ್ಥವುಳ್ಳ ನಿರ್ಣಯವಾಗುವ ತನಕ ಅನ್ನ ಮುಟ್ಟುವುದಿಲ್ಲವೆಂದು ಸಭೆಯಲ್ಲೇ ಸಾರಿ ಉಪವಾಸ ಕೈಗೊಂಡರು. 2015ರಲ್ಲಿ ರೋಮಿನಿಂದ ಪ್ಯಾರಿಸಿನವರೆಗೆ ಕಾಲ್ನಡಿಗೆಯಲ್ಲಿ ಯಾತ್ರೆ ನಡೆಸಿದರು. ಅದೇ ವರ್ಷ ಪೋಪ್ ಫ್ರಾನ್ಸಿಸರು ಭೂಮಿಯನ್ನು ಎಲ್ಲರ ಮನೆಯೆಂದು ಕರೆದು ದೀರ್ಘವಾದ ಧರ್ಮಪತ್ರವನ್ನು ಹೊರಡಿಸಿದರು. ಇಸ್ಲಾಂ ವಿದ್ವಾಂಸರು ಇಸ್ತಾಂಬುಲಿನಲ್ಲಿ ಸೇರಿ ಘೋಷಣೆ ಮಾಡಿದರು. ಹಿಂದೂ ಧರ್ಮದ ಮುಖಂಡರ ಘೋಷಣೆಯೂ ಬಂದಿತು. ರಾಜಕೀಯದ ಮಾತಿಗೆ ಧರ್ಮಪೀಠಗಳೇಕೆ ತಲೆ ಹಾಕಬೇಕೆಂದು ಕೇಳುವವರಿದ್ದಾರೆ. ಅಧಿಕಾರದಲ್ಲಿರುವವರು ಕೊಟ್ಟ ಮಾತನ್ನು ಮರೆತಾಗ ಅದನ್ನು ನೆನಪಿಸುವುದು ಧರ್ಮದ ಕಾರ್ಯವಲ್ಲದೆ ಮತ್ತೇನು? ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಬಲ್ಲ ನಮಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

2015ರ ಡಿಸೆಂಬರ್ 12ರಂದು ಪ್ಯಾರಿಸಿನಲ್ಲಿ ಒಪ್ಪಂದವಾಯಿತು. ಬಿಸಿಯ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ತಡೆಯಬೇಕು, ಒಂದೂವರೆ ಡಿಗ್ರಿಗೆ ನಿಲ್ಲಿಸಲು ಪ್ರಯತ್ನಿಸಬೇಕು ಎಂದು ಲೋಕವೇ ಒಪ್ಪಿ ಬರೆದುಕೊಟ್ಟಿತು. ಮಾರ್ಷಲ್ ದ್ವೀಪಗಳ ವಿದೇಶಾಂಗ ಸಚಿವ ಟೋನಿ ಡಿ ಬ್ರಮ್ ದೊಡ್ಡ ಸಣ್ಣ ದೇಶಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಈ ಮಾತಿಗೆ ಬೆಂಬಲ ಗಳಿಸಿದವರು. 1987ರಲ್ಲಿ ಒಂಟಿಯಾಗಿ ಕೇಳಿಬಂದ ದ್ವೀಪದ ಧ್ವನಿ ಇಪ್ಪತ್ತೆಂಟು ವರ್ಷಗಳ ಅನಂತರ ಲೋಕದ ಒಪ್ಪಂದದಲ್ಲಿ ಅಕ್ಷರವಾಗಿ ಮೂಡಿತು.

ಆದರೆ ಪ್ಯಾರಿಸಿನಲ್ಲಿ ಒಂದು ಸಡಿಲ ಉಳಿಯಿತು. ಗುರಿ ಎಲ್ಲರದು, ಅದಕ್ಕಾಗಿ ಎಷ್ಟು ತಗ್ಗಿಸಬೇಕೆಂಬ ಅಂಕಿಯನ್ನು ಆಯಾ ದೇಶ ತಾನೇ ಬರೆದುಕೊಳ್ಳಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಬಲಪಡಿಸಬೇಕು. ಬರೆದುಕೊಂಡದ್ದನ್ನು ಸಾಧಿಸದಿದ್ದರೆ ಶಿಕ್ಷೆಯಿಲ್ಲ. ಇದರ ಫಲವೇನು? ಕಲ್ಲಿದ್ದಲು, ತೈಲಗಳಿಂದ ಬರುವ ಇಂಗಾಲದ ಡೈ ಆಕ್ಸೈಡ್ 1990ರಲ್ಲಿ ವರ್ಷಕ್ಕೆ ಸುಮಾರು 2,200 ಕೋಟಿ ಟನ್ ಇದ್ದದ್ದು ಈಗ 3,700 ಕೋಟಿ ಟನ್ನುಗಳನ್ನು ದಾಟಿದೆ. 2024ರ ವರ್ಷವು ಹಳೆಯ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಮಿಗಿಲಾಗಿ ಬಿಸಿಯಾಗಿದ್ದ ಮೊದಲ ವರ್ಷವೆಂದು ಜಾಗತಿಕ ಹವಾಮಾನ ಸಂಸ್ಥೆ ಸಾರಿತು. ದೇಶಗಳು ಬರೆದುಕೊಟ್ಟ ಮಾತನ್ನೆಲ್ಲ ಪೂರ್ಣವಾಗಿ ನಡೆಸಿದರೂ ಈ ಶತಮಾನದಲ್ಲಿ ಬಿಸಿ 2.3ರಿಂದ 2.5 ಡಿಗ್ರಿ ಏರುವುದೆಂದೂ, ಈಗಿನ ನಡೆಯಲ್ಲೇ ಮುಂದುವರಿದರೆ 2.8 ಡಿಗ್ರಿಯಾಗುವುದೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಹೇಳುತ್ತದೆ. ಬೇಕಾದದ್ದು 1.5, ನುಡಿ 2.3, ನಡೆ 2.8. ಈ ಮೂರು ಅಂಕಿಗಳ ನಡುವಿನ ಅಂತರವೇ ನಮ್ಮ ಕಾಲದ ನಾಯಕತ್ವದ ಅಳತೆ.

ಹಾಗಾದರೆ ನಾಯಕರನ್ನು ಕೇಳುವುದೇ ವ್ಯರ್ಥವೆ? ಇತಿಹಾಸ ಹಾಗೆ ಹೇಳುವುದಿಲ್ಲ. ಓಜೋನ್ ಪದರವನ್ನು ಕೊರೆಯುತ್ತಿದ್ದ ರಾಸಾಯನಿಕಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಯಾವ ವಸ್ತುವನ್ನು ಎಷ್ಟು, ಯಾವ ವರ್ಷದೊಳಗೆ ನಿಲ್ಲಿಸಬೇಕೆಂದು ಅದು ಸ್ಪಷ್ಟವಾಗಿ ಬರೆಯಿತು; ಬಡದೇಶಗಳ ವೆಚ್ಚಕ್ಕೆ ಬಳಿಕ ನಿಧಿಯನ್ನೂ ಸ್ಥಾಪಿಸಲಾಯಿತು. ಇಂದು ಆ ರಾಸಾಯನಿಕಗಳ ಶೇಕಡಾ 99ರಷ್ಟು ಬಳಕೆ ನಿಂತಿದೆ.

ಬ್ರಿಟನ್ನಿನ ಕಥೆಯೂ ಬೋಧಪ್ರದ. 2005ರಲ್ಲಿ ಅಲ್ಲಿ ಆರಂಭವಾದ ಆಂದೋಲನವೊಂದರಲ್ಲಿ ಲಕ್ಷಕ್ಕೂ ಮಿಕ್ಕ ಸಾಮಾನ್ಯ ಪ್ರಜೆಗಳು ತಮ್ಮ ತಮ್ಮ ಕ್ಷೇತ್ರದ ಸಂಸತ್ಸದಸ್ಯರಿಗೆ ಪತ್ರ ಬರೆದು, ಭೇಟಿಯಾಗಿ, ಅನಿಲಗಳನ್ನು ವರ್ಷ ವರ್ಷಕ್ಕೂ ತಗ್ಗಿಸುವ ಕಾನೂನು ಬೇಕೆಂದು ಒತ್ತಾಯಿಸಿದರು. 2008ರಲ್ಲಿ ಅಂತಹ ಕಾನೂನು ಬಂದಿತು. ಐದೈದು ವರ್ಷಗಳ ಮಿತಿಯನ್ನು ಮುಂಚಿತವಾಗಿ ನಿಗದಿಪಡಿಸಬೇಕು, ಸರ್ಕಾರದ ಹಂಗಿಲ್ಲದ ಸಮಿತಿಯೊಂದು ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು ಎಂಬುದು ಅದರ ತಿರುಳು. ಸರ್ಕಾರಗಳು ಬದಲಾದವು, ಕಾನೂನು ನಿಂತಿತು. ಲೋಕದ ಮೊದಲ ಸಾರ್ವಜನಿಕ ಕಲ್ಲಿದ್ದಲು ವಿದ್ಯುದಾಗಾರವನ್ನು 1882ರಲ್ಲಿ ಲಂಡನ್ನಿನಲ್ಲಿ ಹೊತ್ತಿಸಿದ ಆ ದೇಶ, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುದಾಗಾರವನ್ನು ಮುಚ್ಚಿತು.

ನೆದರ್ಲೆಂಡ್ಸಿನಲ್ಲಿ ಸುಮಾರು 900 ಪ್ರಜೆಗಳು ಅರ್ಜೆಂಡಾ ಎಂಬ ಸಂಸ್ಥೆಯೊಡನೆ ಕೂಡಿ ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. 2020ರೊಳಗೆ 1990ರ ಮಟ್ಟಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ತಗ್ಗಿಸಲೇಬೇಕೆಂದು 2015ರಲ್ಲಿ ಹೇಗ್ ನಗರದ ನ್ಯಾಯಾಲಯ ಆಜ್ಞಾಪಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2020 ಮುಗಿಯುವಷ್ಟರಲ್ಲಿ ಆ ಗುರಿ ಈಡೇರಿತು. ಕೊರೊನಾ ಕಾಲದ ಸ್ತಬ್ಧತೆಯ ಪಾಲೂ ಅದರಲ್ಲಿತ್ತೆಂಬುದು ನಿಜ. ಆದರೂ ನ್ಯಾಯಪೀಠದ ಗಡುವು ಇಲ್ಲದಿದ್ದರೆ ಸರ್ಕಾರ ಅಷ್ಟು ತ್ವರೆ ಮಾಡುತ್ತಿರಲಿಲ್ಲ.

ಈ ಮೂರು ದೃಷ್ಟಾಂತಗಳಲ್ಲಿ ಸಮಾನವಾದುದು ಏನು? ಅಂಕಿ, ಅವಧಿ, ಲೆಕ್ಕ. ಈ ಮೂರೂ ಇದ್ದಲ್ಲಿ ನುಡಿ ನಡೆಯಾಯಿತು. ಮೂರರಲ್ಲಿ ಒಂದು ತಪ್ಪಿದಲ್ಲಿ ನುಡಿ ಕಾಗದದಲ್ಲೇ ಉಳಿಯಿತು.

ದ್ವೀಪದ ಮಕ್ಕಳೂ ಇದನ್ನು ಅರಿತರು. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಮಂದಿ ಕಾನೂನು ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು. ನಾಯಕರ ಮಾತು ಬರಿಯ ಸೌಜನ್ಯವೋ, ಕಾನೂನಿನ ಹೊಣೆಯೋ? ಇದನ್ನು ಲೋಕದ ಅತ್ಯುನ್ನತ ನ್ಯಾಯಪೀಠದಲ್ಲಿಯೇ ಕೇಳಿಬಿಡೋಣ ಎಂದು ನಿಶ್ಚಯಿಸಿ ದೇಶದೇಶಗಳಿಗೆ ಪತ್ರ ಬರೆದರು. ವನುವಾಟು ಅವರ ಕೈಹಿಡಿಯಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಆ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿತು. 2025ರ ಜುಲೈ 23ರಂದು ನ್ಯಾಯಾಧೀಶರು ಸರ್ವಾನುಮತದಿಂದ ಅಭಿಪ್ರಾಯ ನೀಡಿದರು: ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ತಗ್ಗಿಸುವ ಗುರಿಯನ್ನು ಬರೆದುಕೊಳ್ಳುವಾಗ ದೇಶಗಳು ಮನಬಂದಂತೆ ಬರೆಯುವಂತಿಲ್ಲ, ತಮ್ಮ ಶಕ್ತಿಗೆ ಸಾಧ್ಯವಿರುವ ಅತ್ಯುಚ್ಚ ಗುರಿಯನ್ನೇ ಬರೆಯಬೇಕು, ಕರ್ತವ್ಯ ತಪ್ಪಿದರೆ ಹಾನಿಗೆ ಪರಿಹಾರ ಕೊಡಬೇಕಾಗಿ ಬರಬಹುದು. ಇದು ಸಲಹೆಯ ರೂಪದ ಅಭಿಪ್ರಾಯ, ನೇರವಾಗಿ ಜಾರಿಮಾಡುವ ಆಜ್ಞೆಯಲ್ಲ. ಆದರೆ ತರಗತಿಯ ಬೆಂಚಿನಿಂದ ಹೊರಟ ಪ್ರಶ್ನೆಯೊಂದು ಆರು ವರ್ಷಗಳಲ್ಲಿ ಲೋಕನ್ಯಾಯದ ಪೀಠವನ್ನು ಮುಟ್ಟಿ ಉತ್ತರ ಪಡೆದುದು ಸಾಮಾನ್ಯ ಸಂಗತಿಯಲ್ಲ. ಅದೇ ವರ್ಷ ಅಮೆರಿಕ ಎರಡನೆಯ ಬಾರಿ ಪ್ಯಾರಿಸ್ ಒಪ್ಪಂದವನ್ನು ಬಿಡುವುದಾಗಿ ಸಾರಿತು. ನವೆಂಬರಿನಲ್ಲಿ ಬ್ರೆಜಿಲ್ಲಿನ ಬೆಲೆಮ್ ಸಮ್ಮೇಳನದ ಮುಖ್ಯ ನಿರ್ಣಯದಲ್ಲಿ ಕಲ್ಲಿದ್ದಲು ತೈಲಗಳ ಹೆಸರೂ ಬರಲಿಲ್ಲ. ಬಿನ್ನಹದ ಅಗತ್ಯ ತೀರಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ವಾಚಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಶ್ರೀಮಂತ ದೇಶಗಳು ಮಾಡಿದ ಹೊಗೆಗೆ ನಾವೇಕೆ ತಲೆಬಾಗಬೇಕು? ಪ್ರಶ್ನೆ ನ್ಯಾಯವಾದುದು. ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈ ಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅಮೆರಿಕದವನದು ಸುಮಾರು 14 ಟನ್. ಹೆಚ್ಚು ಮಾಡಿದವರು ಹೆಚ್ಚು ಇಳಿಸಬೇಕು, ಬಡದೇಶಗಳಿಗೆ ಹಣ ಮತ್ತು ತಂತ್ರಜ್ಞಾನದ ನೆರವು ಕೊಡಬೇಕು ಎಂಬ ನಮ್ಮ ದೇಶದ ವಾದ ಧರ್ಮಸಮ್ಮತವಾದುದು. ಆದರೆ ಒಟ್ಟು ಲೆಕ್ಕದಲ್ಲಿ ನಾವೀಗ ಲೋಕದಲ್ಲಿ ಮೂರನೆಯವರು. ಮಾಲ್ಡೀವ್ಸಿನ ದೃಷ್ಟಿಯಲ್ಲಿ ನಾವೂ ದೊಡ್ಡವರೇ. ಅಮೆರಿಕವನ್ನು ಕೇಳುವ ನಾಲಿಗೆಗೆ ತನ್ನ ಮನೆಯನ್ನು ಕೇಳುವ ಧೈರ್ಯವೂ ಇರಬೇಕು.

ನಮ್ಮ ದೇಶ ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧವನ್ನು ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳಿಂದ ಪಡೆಯುವೆವೆಂದು ಕೊಟ್ಟ ಮಾತನ್ನು 2025ರಲ್ಲೇ, ಐದು ವರ್ಷ ಮೊದಲೇ, ಈಡೇರಿಸಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಬರದಿಂದ ಬೆಂದ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರವನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ನೋಡಿದ್ದಾರೆ. ಆದರೆ ಸಾಮರ್ಥ್ಯ ಅರ್ಧವಾದರೂ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನ ಬಹುಭಾಗ ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ ನಾವು ಹೇಳಿರುವ ವರ್ಷ 2070. ಇಂದು ಆ ಮಾತು ಕೊಟ್ಟವರಲ್ಲಿ ಅಂದು ಉತ್ತರ ಹೇಳಲು ಯಾರಿರುತ್ತಾರೆ? 2024ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಿಂದ ಬರುವ ಹಕ್ಕೆಂದು ಹೇಳಿದೆ. ಹಕ್ಕಿದೆಯೆಂದ ಮೇಲೆ ಕೇಳುವುದು ಪ್ರಜೆಯ ಕರ್ತವ್ಯ.

2023ರಲ್ಲಿ ನಮ್ಮ ನಾಡಿನ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಒಂದು ವರ್ಷದ ಬರವನ್ನು ನೇರವಾಗಿ ಈ ಅನಿಲಗಳ ಲೆಕ್ಕಕ್ಕೆ ಬರೆಯಲಾಗದು. ಆದರೆ ಬಿಸಿ ಏರಿದಂತೆಲ್ಲ ಮಳೆಯ ನಡೆ ಏರುಪೇರಾಗುವುದು, ನೆಲದ ತೇವ ಬೇಗನೆ ಆರುವುದು ಖಚಿತ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಶರಣಬಂಧುಗಳೇ, ಮಠದ ನೆರಳಿನಲ್ಲಿ ಉಂಡು, ಓದಿ, ಬೆಳೆದ ಎಷ್ಟೋ ಮಂದಿ ಇಂದು ಶಾಸನಸಭೆಗಳಲ್ಲಿ, ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ಹೊಣೆ ಹೊತ್ತಿದ್ದಾರೆ. ಉಳಿದವರೆಲ್ಲ ಮತದಾರರಾಗಿದ್ದಾರೆ. ಮತ ಕೇಳಲು ಬಂದ ನಾಯಕರನ್ನು ರಸ್ತೆ ಕೇಳುತ್ತೇವೆ, ನೀರು ಕೇಳುತ್ತೇವೆ, ಕೇಳಲೇಬೇಕು. ಅದರೊಡನೆ ಈ ಮೂರನ್ನೂ ಕೇಳೋಣ. ಅನಿಲಗಳನ್ನು ಎಷ್ಟು ತಗ್ಗಿಸುವಿರಿ? ನಿಮ್ಮ ಅಧಿಕಾರಾವಧಿಯೊಳಗೆ ಎಷ್ಟು? ಪ್ರತಿವರ್ಷ ಲೆಕ್ಕವನ್ನು ಯಾರ ಮುಂದೆ ಒಪ್ಪಿಸುವಿರಿ? ಉತ್ತರ ಬಾರದಿದ್ದರೆ ಮತ್ತೆ ಕೇಳೋಣ. ಮಾಲೆಯ ಬಿನ್ನಹ ಪ್ಯಾರಿಸ್ ಮುಟ್ಟಲು ಇಪ್ಪತ್ತೆಂಟು ವರ್ಷ ಹಿಡಿಯಿತೆಂಬುದನ್ನು ನೆನೆದು, ಬೇಸರಿಸದೆ ಕೇಳೋಣ. ಸಮಷ್ಟಿಯ ಸೊತ್ತಾದ ಗಾಳಿಯನ್ನು ಮುಂದಿನವರಿಗಾಗಿ ಕಾಯ್ದಿಡುವುದು ದಾಸೋಹವೇ. ಆ ದಾಸೋಹಕ್ಕೆ ನಾಯಕರನ್ನು ಕರೆತರುವ ಕಾಯಕ ನಮ್ಮದು.